ಚಿಕ್ಕತೊರೆಪಾಳ್ಯದಲ್ಲಿ ನಡೆಯದ ತರಬೇತಿ

ಹನುಮೇಶ ಅಗ್ನಿಶಾಮಕ ಠಾಣೆಯಲ್ಲಿ ನೌಕರಿಗಿದ್ದದ್ದು ನಿಜ. ಬೆಂಕಿಗೂ ಅವನಿಗೂ ಯಾವ ಸಂಬಂಧವೂ ಇರಲಿಲ್ಲ ಎಂಬುದೂ ಅಷ್ಟೇ ನಿಜ. ಪೀಣ್ಯದ ಕಾರ್ಖಾನೆಗಳ ಬೆನ್ನಿಗಿರುವ ಚಿಕ್ಕತೊರೆಪಾಳ್ಯದ ಠಾಣೆಯಲ್ಲಿ ಅವನು ಗುಮಾಸ್ತ. ಗಂಟೆ ಬಾರಿಸಿದ ಕೂಡಲೇ ಉಳಿದವರು ಹೆಲ್ಮೆಟ್ ಹಾಕಿಕೊಂಡು ಕೆಂಪು ಗಾಡಿಗೆ ಹಾರಿ ಹತ್ತಿದರೆ, ಹನುಮೇಶ ಪುಸ್ತಕ ತೆಗೆದು ಗಾಡಿ ಹೊರಟ ಸಮಯ ಬರೆಯುತ್ತಿದ್ದ. ಗಾಡಿ ತಿರುಗಿ ಬಂದಾಗ ಬಂದ ಸಮಯ ಬರೆಯುತ್ತಿದ್ದ. ಆರು ವರ್ಷದ ಸೇವೆಯಲ್ಲಿ ಅವನು ಖುದ್ದಾಗಿ ಆರಿಸಿದ ಬೆಂಕಿ ಒಂದೇ ಒಂದು. ಅದು ಸೊಳ್ಳೆಬತ್ತಿಯಿಂದ ರಜೆ ಅರ್ಜಿಗಳ ಕಟ್ಟಿಗೆ ಹತ್ತಿದ್ದು. ಆ ಸೊಳ್ಳೆಬತ್ತಿ ಹಚ್ಚಿಟ್ಟವನೂ ಅವನೇ.

ಆದರೆ ಈ ಸಂಗತಿ ಠಾಣೆಯ ಕಾಂಪೌಂಡು ದಾಟಿರಲಿಲ್ಲ. ಠಾಣೆಗೆ ಹತ್ತಿರದ ಬಾಗಲಗುಂಟೆಯಲ್ಲಿ ಅವನು ಬಾಡಿಗೆಗಿದ್ದ ಬೀದಿಯಲ್ಲಿ ಎಲ್ಲರಿಗೂ ಅವನು ಫೈರ್ ಸಾಹೇಬರು. ಹಾಗಂತ ಅವನು ಸುಳ್ಳು ಹೇಳಿದವನಲ್ಲ. ‘ಇವತ್ತು ಎಲ್ಲಿ ಬೆಂಕಿ ಸಾಹೇಬ್ರೇ?’ ಎಂದು ಯಾರಾದರೂ ಕೇಳಿದರೆ, ‘ಪ್ಲಾಸ್ಟಿಕ್ ಗೋಡೌನು. ಭಾಳ ತ್ರಾಸಾತು’ ಎಂದು ಒಂದು ನಿಟ್ಟುಸಿರು ಬಿಡುತ್ತಿದ್ದ. ತ್ರಾಸಾದದ್ದು ಯಾರಿಗೆ ಎಂದು ಅವನೂ ಹೇಳುತ್ತಿರಲಿಲ್ಲ, ಅವರೂ ಕೇಳುತ್ತಿರಲಿಲ್ಲ. ಮನೆ ಮಾಲೀಕ ನರಸಪ್ಪನಿಗಂತೂ ಅವನ ಮೇಲೆ ಅಪಾರ ಅಭಿಮಾನ. ಅಪ್ಪನ ಕಾಲದಲ್ಲಿ ರಾಗಿ ಬೆಳೆಯುತ್ತಿದ್ದ ಒಂದೂವರೆ ಎಕರೆಯಲ್ಲಿ ಈಗ ಬಾಡಿಗೆ ಮನೆ ಬೆಳೆಯುತ್ತಿದ್ದ ಈ ನರಸಪ್ಪ, ಹೊಸ ಬಾಡಿಗೆದಾರರಿಗೆಲ್ಲ, ‘ನಮ್ ಬಿಲ್ಡಿಂಗ್ ಕಡೀಕ್ ಬರಾಕೆ ಬೆಂಕೀನೂ ಎದರ್ಕತದೆ ಕಣಪ್ಪಾ. ಮ್ಯಾಲೆ ಸಾಹೇಬ್ರವ್ರೆ’ ಎಂದು ಹೇಳಿ ಇನ್ನೂರು ರೂಪಾಯಿ ಜಾಸ್ತಿ ಬಾಡಿಗೆ ಕೇಳುತ್ತಿದ್ದ.

ಹೀಗಿರುವಾಗ ಠಾಣೆಗೆ ಒಂದು ತರಬೇತಿ ಬಂತು. ಕಾರ್ಖಾನೆಗಳಲ್ಲಿ ಎಣ್ಣೆಗೆ, ರಾಸಾಯನಿಕಕ್ಕೆ ಬೆಂಕಿ ಬಿದ್ದರೆ ಏನು ಮಾಡಬೇಕೆಂದು ಎಂಟು ಠಾಣೆಗಳ ನಲವತ್ತು ಸಿಬ್ಬಂದಿಗೆ ಐದು ದಿನ ಕಲಿಸುವುದು. ಜಾಗ, ಚಿಕ್ಕತೊರೆಪಾಳ್ಯದ ಠಾಣೆಯ ಅಂಗಳ. ಶುರುವಾಗುವುದು ಏಪ್ರಿಲ್ ಒಂದಕ್ಕೆ. ಊಟದ ವ್ಯವಸ್ಥೆಯನ್ನು ಠಾಣಾಧಿಕಾರಿ ದೇವರಾಜ್ ಹನುಮೇಶನ ತಲೆಗೆ ಕಟ್ಟಿದರು.

ಹನುಮೇಶ ನೇರವಾಗಿ ಮಹಾನಂದಾಳ ಖಾನಾವಳಿಗೆ ಹೋದ. ಆಕೆ ನರಗುಂದದ ಕಡೆಯವಳು. ಹನುಮೇಶನ ಬೀದಿಯ ತುದಿಯಲ್ಲೇ ಆರು ಮೇಜು ಹಾಕಿ, ಪಾಳಿ ಮುಗಿಸಿ ಬರುವ ಉತ್ತರ ಕರ್ನಾಟಕದ ಹುಡುಗರಿಗೆಲ್ಲ ರೊಟ್ಟಿ ಬಡಿದು ಹಾಕುತ್ತಿದ್ದಳು.

‘ನಲವತ್ತು ಮಂದಿ, ಐದು ದಿನ, ಮೂರು ಹೊತ್ತು,’ ಎಂದ ಹನುಮೇಶ.

‘ಅಣ್ಣಾರ, ಅಷ್ಟು ಸಾಮಾನು ತರಾಕ ನನ್ನ ಕಡೆ ರೊಕ್ಕ ಇಲ್ರಿ. ಸ್ವಲ್ಪ ಮುಂಗಡ ಕೊಡಸ್ರಿ.’

‘ಮುಂಗಡ ಯಾಕ ಬೇಕವಾ? ನಾ ಹೇಳೀನಿ ಅಂದ್ರ ಸರ್ಕಾರ ಹೇಳಿದಂಗ.’

ಮಹಾನಂದಾ ಆ ಮಾತು ನಂಬಿದಳು. ಕೊರಳಿನ ಚಿನ್ನದ ಬೋರಮಳ ಸರ ಒತ್ತೆಯಿಟ್ಟು ಜೋಳ, ಶೇಂಗಾ, ಬೆಲ್ಲ, ಎಣ್ಣೆ, ಮೊಸರು, ಎರಡು ಗೋಣಿ ಬದನೆಕಾಯಿ ತಂದು ಹಾಕಿಕೊಂಡಳು.

ಮಾರ್ಚ್ ಮೂವತ್ತೊಂದರ ಸಂಜೆಗೆ ಸರ್ಕಾರದ ವರ್ಷ ಮುಗಿಯಿತು. ಅದರ ಜೊತೆಗೆ ತರಬೇತಿಗೆಂದು ಇಟ್ಟಿದ್ದ ಅನುದಾನವೂ ಲ್ಯಾಪ್ಸ್ ಆಯಿತು. ಏಪ್ರಿಲ್ ಒಂದರ ಬೆಳಿಗ್ಗೆ ಆರೂ ಐವತ್ತಕ್ಕೆ ಮುಖ್ಯ ಕಚೇರಿಯಿಂದ ಎಂಟೂ ಠಾಣೆಗಳಿಗೆ ಸಂದೇಶ ಬಂತು: ‘ಅನುದಾನವಿಲ್ಲದ ಕಾರಣ ತರಬೇತಿ ರದ್ದು.’ ದೇವರಾಜ್ ಅಷ್ಟು ಹೊತ್ತಿಗಾಗಲೇ ಒಂದು ಪೇಂಟ್ ಕಾರ್ಖಾನೆಯ ಬೆಂಕಿಗೆ ಗಾಡಿ ಸಮೇತ ಹೋಗಿದ್ದರು. ಠಾಣೆಯ ಫೋನು ಹನುಮೇಶನ ಕೈಯಲ್ಲಿತ್ತು. ಅವನು ಸಂದೇಶ ಓದಿದ, ತಾರೀಕು ನೋಡಿದ, ನಕ್ಕ. ‘ನನ್ನ ಏಪ್ರಿಲ್ ಫೂಲ್ ಮಾಡ್ತಾರ!’ ಎಂದು ಫೋನು ಜೇಬಿಗಿಟ್ಟುಕೊಂಡು ಖಾನಾವಳಿಗೆ ಹೋಗಿ, ‘ನಡೀಲಿ, ನಡೀಲಿ, ಹೋಳಿಗಿ ಇನ್ನೊಂದು ನೂರು ಆಗ್ಲಿ’ ಎಂದು ಹುರಿದುಂಬಿಸಿ ಬಂದ.

ಮಧ್ಯಾಹ್ನದ ಹೊತ್ತಿಗೆ ನಾನೂರು ರೊಟ್ಟಿ, ಎರಡು ಹಂಡೆ ಎಣ್ಣೆಗಾಯಿ, ಮುನ್ನೂರು ಶೇಂಗಾ ಹೋಳಿಗೆ ತಯಾರಾಗಿ ಕುಳಿತವು. ತಿನ್ನುವ ನಲವತ್ತು ಜನ ಬರಲಿಲ್ಲ. ಉಳಿದ ಏಳು ಠಾಣೆಯವರು ಸಂದೇಶವನ್ನು ಸಂದೇಶವೆಂದೇ ತಿಳಿದಿದ್ದರು. ಊಟವನ್ನು ಚೆಲ್ಲುವುದು ಹೇಗೆಂದು ಮಹಾನಂದಾ ಅಕ್ಕಪಕ್ಕದ ಲೇತ್ ಶೆಡ್ಡು, ಸ್ಪ್ರಿಂಗ್ ಫ್ಯಾಕ್ಟರಿಯ ಕೆಲಸಗಾರರನ್ನೆಲ್ಲ ಕರೆದು ಬಡಿಸಿದಳು. ಇನ್ನೂರು ಜನ ಉಂಡರು. ಉಳಿದ ಸಾಮಾನಿನಲ್ಲಿ ಬದನೆಕಾಯಿ ಬಾಡಿತು, ಮೊಸರು ಹುಳಿಯಿತು, ಬೀಸಿದ ಹಿಟ್ಟು ಕಹಿಯಾಯಿತು. ಒಟ್ಟು ನಷ್ಟ ನಲವತ್ತಾರು ಸಾವಿರದ ಐನೂರು ರೂಪಾಯಿ.

ಮಹಾನಂದಾ ಒಂದು ಮಾತೂ ಬಯ್ಯಲಿಲ್ಲ. ಅದೇ ಹನುಮೇಶನಿಗೆ ಕಷ್ಟವಾದದ್ದು. ದಿನಾ ಬೆಳಿಗ್ಗೆ ಅವನು ಮುಂದೆ ಹಾದುಹೋಗುವಾಗ ಹಿಟ್ಟು ನಾದುತ್ತಲೇ, ‘ಬಂತೇನ್ರಿ ಅಣ್ಣಾರ?’ ಎಂದು ಕೇಳುತ್ತಿದ್ದಳು. ಅವನು ‘ಬರ್ತೈತಿ’ ಎನ್ನುತ್ತಿದ್ದ. ಎರಡು ತಿಂಗಳಾದ ಮೇಲೆ ಅವನು ಹಿಂದಿನ ಗಲ್ಲಿಯಿಂದ ಠಾಣೆಗೆ ಹೋಗತೊಡಗಿದ. ಆ ಗಲ್ಲಿಯಲ್ಲಿ ನಾಯಿಗಳಿದ್ದವು. ನಾಯಿಗಳು ಆ ಪ್ರಶ್ನೆ ಕೇಳುತ್ತಿರಲಿಲ್ಲ.

ಜೂನ್ ತಿಂಗಳಲ್ಲಿ ಸುತ್ತೋಲೆಯೊಂದು ಬಂತು. ಅನುದಾನ ಲ್ಯಾಪ್ಸ್ ಆಗಿ ತರಬೇತಿ ರದ್ದಾದ ಠಾಣೆಗಳು ಅದಕ್ಕಾಗಿ ಮೊದಲೇ ಮಾಡಿದ ಖರ್ಚನ್ನು ಮರುಪಾವತಿ ಕೇಳಬಹುದು ಎಂದು ಅದರಲ್ಲಿತ್ತು. ದೇವರಾಜ್ ಎಂಟೂ ಠಾಣೆಗಳ ಬಿಲ್ಲು ತರಿಸಿದರು. ಶಾಮಿಯಾನ, ನೊರೆದ್ರವದ ಕ್ಯಾನು, ಕೈಗವಸು, ಮಹಾನಂದಾಳ ಊಟ ಎಲ್ಲ ಸೇರಿ ಎರಡು ಲಕ್ಷ ಹನ್ನೆರಡು ಸಾವಿರ.

‘ಹನುಮೇಶ, ನೀಟಾಗಿ ಒಂದು ಪತ್ರ ಹಾಕಯ್ಯ. ತಪ್ಪು ಇರಬಾರದು.’

ಠಾಣೆಯ ಕಂಪ್ಯೂಟರಿನಲ್ಲಿ ‘ಯ’ ಅಕ್ಷರದ ಕೀಲಿಗೆ ಯಾರೋ ಚಹಾ ಚೆಲ್ಲಿ ಅದು ಕೂತುಬಿಟ್ಟಿತ್ತು. ಹನುಮೇಶ ಹಳೆಯ ಪತ್ರಗಳಿಂದ ‘ಯ’ಗಳನ್ನು ಒಂದೊಂದಾಗಿ ಎತ್ತಿ ತಂದು ಹೊಸ ಪತ್ರದಲ್ಲಿ ಅಂಟಿಸುತ್ತಿದ್ದ. ಈ ಪತ್ರಕ್ಕೆ ನಲವತ್ತೊಂದು ‘ಯ’ ಬೇಕಾಗಿತ್ತು. ಅವನು ನಲವತ್ತು ಅಂಟಿಸಿದ. ‘ನಡೆಯದ ತರಬೇತಿಗೆ ಮಾಡಿದ ಖರ್ಚು’ ಎಂದಿರಬೇಕಾದದ್ದು ‘ನಡೆದ ತರಬೇತಿಗೆ ಮಾಡಿದ ಖರ್ಚು’ ಎಂದಾಗಿ, ಸಹಿ ಬಿದ್ದು, ಮೊಹರು ಬಿದ್ದು, ಹೋಯಿತು.

ಹದಿನೈದು ದಿನಕ್ಕೆ ಉತ್ತರ ಬಂತು. ದೇವರಾಜ್ ಅದನ್ನು ಗಟ್ಟಿಯಾಗಿ ಓದಿದರು.

‘ಅನುದಾನವಿಲ್ಲದೆ ರಾಜ್ಯದ ಬೇರೆಲ್ಲಾ ಕಡೆ ತರಬೇತಿ ರದ್ದಾಗಿರುವಾಗ, ತಮ್ಮ ಠಾಣೆಯಲ್ಲಿ ಮಾತ್ರ ಅದು ನಡೆದಿರುವುದು ಶ್ಲಾಘನೀಯ. ನಡೆದ ತರಬೇತಿಗೆ ಈ ಸುತ್ತೋಲೆಯಡಿ ಹಣ ನೀಡಲು ಬರುವುದಿಲ್ಲ. ಹಣವಿಲ್ಲದೆ ತರಬೇತಿ ಹೇಗೆ ನಡೆಯಿತೆಂಬುದನ್ನು ಖುದ್ದು ಪರಿಶೀಲಿಸಲು ಲೆಕ್ಕಾಧಿಕಾರಿ ಶ್ರೀಮತಿ ಮಂಜುಶ್ರೀ ಅವರು ಆಗಮಿಸುತ್ತಾರೆ.’

ದೇವರಾಜ್ ಕಾಗದ ಕೆಳಗಿಟ್ಟು ಹನುಮೇಶನನ್ನೇ ನೋಡಿದರು. ಮೂವತ್ತು ವರ್ಷ ಬೆಂಕಿಯ ಮುಂದೆ ನಿಂತರೂ ಅವರ ಮುಖ ಅಷ್ಟು ಕೆಂಪಾದದ್ದನ್ನು ಯಾರೂ ಕಂಡಿರಲಿಲ್ಲ.

‘ಫೋನ್ ಮಾಡಯ್ಯಾ. ಮಾಡಿ ಟೈಪಿಂಗ್ ತಪ್ಪು ಅಂತ ಹೇಳು.’

ಹನುಮೇಶ ಮುಖ್ಯ ಕಚೇರಿಗೆ ಫೋನ್ ಮಾಡಿದ. ಆ ಕಡೆಯಿಂದ ನಿದ್ದೆಗಣ್ಣಿನ ದನಿಯೊಂದು ಮಾತಾಡಿತು.

‘ಸಾರ್, ಅದು ತಪ್ಪಾಗಿದೆ. ತರಬೇತಿ ನಡೆದಿಲ್ಲ.’

‘ನಡೆದಿಲ್ಲ ಅನ್ನೋದಕ್ಕೆ ದಾಖಲೆ ಇದೆಯಾ?’

‘ನಡೀದೇ ಇರೋದಕ್ಕೆ ಏನ್ ದಾಖಲೆ ಸಾರ್? ಹಾಜರಿ ಪುಸ್ತಕ ಖಾಲಿ ಇದೆ.’

‘ಖಾಲಿ ಇದ್ರೆ ನಲವತ್ತು ಜನಾನೂ ಗೈರುಹಾಜರು ಅಂತಾಗುತ್ತೆ. ಅದು ಬೇರೆ ಫೈಲು. ಓಪನ್ ಮಾಡ್ಲಾ?’

‘ಬ್ಯಾಡ ಸಾರ್!’

‘ಹಾಗಾದ್ರೆ ಫೋಟೋ ಕಳಿಸಿ.’

‘ನಡೀದಿರೋ ತರಬೇತೀದು ಫೋಟೋ ಹೆಂಗೆ ತೆಗೀಬೇಕು ಸಾರ್?’

‘ಅದನ್ನ ನಿಮ್ಮ ಹಂತದಲ್ಲೇ ನೋಡ್ಕೋಬೇಕು,’ ಎಂದು ಫೋನು ಇಟ್ಟರು.

ಅಂದು ಸಂಜೆ ಮನೆಗೆ ಹೋಗುವಾಗ ಮೆಟ್ಟಿಲ ಬುಡದಲ್ಲಿ ನರಸಪ್ಪ ಸಿಕ್ಕ. ‘ಏನ್ ಸಾಹೇಬ್ರೇ, ಮಕ ಬಾಡ್ಹೋಗದೆ?’ ಎಂದು ಕೇಳಿದ. ಇಲ್ಲಿ ಹನುಮೇಶ ನಿಜ ಹೇಳಿದ್ದರೆ ಈ ಕಥೆ ಇಷ್ಟಕ್ಕೇ ಮುಗಿಯುತ್ತಿತ್ತು. ಆದರೆ ಆರು ವರ್ಷದ ಚಾಳಿ ಅಷ್ಟು ಸುಲಭಕ್ಕೆ ಬಿಡುವುದಿಲ್ಲ.

‘ಏನಿಲ್ರಿ. ನಾ ಒಂದು ಪತ್ರ ಬರದಿದ್ದೆ. ಅದನ್ನ ನೋಡಿ ಮುಖ್ಯ ಕಚೇರಿಯಿಂದ ದೊಡ್ಡ ಮೇಡಂ ಬರಾಕತ್ಯಾರ. ತರಬೇತಿ ವಿಷಯ.’

ನರಸಪ್ಪನಿಗೆ ಅಷ್ಟು ಸಾಕಾಯಿತು. ದೊಡ್ಡ ಮೇಡಂ ಬರುವುದೆಂದರೆ ಮೆಡಲು. ಮೆಡಲು ಎಂದರೆ ಫ್ಲೆಕ್ಸು. ಮೂರೇ ದಿನದಲ್ಲಿ ಹನ್ನೆರಡು ಅಡಿಯ ಫ್ಲೆಕ್ಸ್ ಠಾಣೆಯ ಗೇಟಿಗೆ ಎದುರಾಗಿ ಎದ್ದು ನಿಂತಿತು. ಅದರಲ್ಲಿ ಹಳದಿ ಕೋಟು ತೊಟ್ಟು, ಜ್ವಾಲೆಗಳ ನಡುವಿನಿಂದ ಮಗುವೊಂದನ್ನು ಎತ್ತಿಕೊಂಡು ಹೊರಬರುತ್ತಿರುವ ಒಬ್ಬ ಆಜಾನುಬಾಹು. ಮುಖ ಹನುಮೇಶನದು, ಗುರುತಿನ ಚೀಟಿಯಿಂದ ತೆಗೆದದ್ದು. ಭುಜ ಯಾವುದೋ ದೇಶದವನದು. ಕೆಳಗೆ ದಪ್ಪ ಅಕ್ಷರ: ‘ಬೆಂಕಿಗೇ ಬೆವರಿಳಿಸಿದ ಧೀರ, ನಮ್ಮ ಬಾಡಿಗೆದಾರ. ಶುಭ ಕೋರುವವರು ನರಸಪ್ಪ ಮತ್ತು ಕುಟುಂಬ.’

ಹನುಮೇಶನ ಹೆಂಡತಿ ಸುಮಂಗಲಾ ತರಕಾರಿ ಚೀಲ ಹಿಡಿದು ಅದರ ಮುಂದೆ ಬಹಳ ಹೊತ್ತು ನಿಂತಳು. ಮನೆಗೆ ಬಂದು ಕೇಳಿದ್ದು ಒಂದೇ: ‘ಆ ಕೂಸು ಯಾರ್ದು?’

ಮಂಜುಶ್ರೀ ಮೇಡಂ ಒಂದು ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಬಂದರು. ಸಣ್ಣ ಆಕೃತಿ, ದಪ್ಪ ಕನ್ನಡಕ, ಕಂಕುಳಲ್ಲಿ ಫೈಲು. ಬಿಲ್ಲಿಗೂ ಬಿಸಿಲಿಗೂ ಒಂದೇ ಮುಖ. ಇಪ್ಪತ್ತೆರಡು ವರ್ಷದಲ್ಲಿ ಅವರ ಕೈಯಿಂದ ಒಂದು ಸುಳ್ಳು ಬಿಲ್ಲೂ ತಪ್ಪಿಸಿಕೊಂಡು ಹೋದದ್ದಿಲ್ಲ ಎಂದು ಪ್ರತೀತಿ. ಬಿಲ್ಲುಗಳಲ್ಲಿ ಊಟದ್ದೇ ದೊಡ್ಡದಾಗಿದ್ದರಿಂದ, ‘ಮೊದಲು ಖಾನಾವಳಿ ನೋಡೋಣ’ ಎಂದರು.

ಅವರು ಖಾನಾವಳಿಯ ಮೇಜಿಗೆ ಕೂತು ಪೆನ್ನು ತೆಗೆಯುವಷ್ಟರಲ್ಲಿ ಇಡೀ ಬೀದಿ ಬಾಗಿಲಿಗೆ ಬಂದು ನಿಂತಿತ್ತು.

‘ತರಬೇತಿ ನಡೀತೇನಮ್ಮ?’

‘ಇಲ್ರೀ ಯಕ್ಕಾರ,’ ಎಂದಳು ಮಹಾನಂದಾ. ‘ಅಡಿಗಿ ಅಷ್ಟ ನಡೀತ್ರಿ.’

‘ಅವತ್ತು ಎಷ್ಟು ಜನ ಊಟ ಮಾಡಿದ್ರು?’

‘ಇನ್ನೂರು ಮಂದಿ ಉಂಡಿರಬೇಕ್ರಿ.’

ಮೇಡಂ ಕನ್ನಡಕದ ಮೇಲಿನಿಂದ ದೇವರಾಜರನ್ನು ನೋಡಿದರು. ‘ನಲವತ್ತು ಜನರ ತರಬೇತಿ. ಊಟ ಮಾಡಿದವರು ಇನ್ನೂರು. ತರಬೇತಿ ಯೋಜನೆಗಿಂತ ದೊಡ್ಡದಾಗೇ ನಡೆದಿದೆ ಅಂತಾಯ್ತು.’

‘ನಡೆದಿಲ್ಲ ಮೇಡಂ!’ ಎಂದು ಹನುಮೇಶ ಕೂಗಿದ. ‘ಬೇಕಾದ್ರೆ ಇವರನ್ನೇ ಕೇಳಿ!’

ಇದು ಅವನು ಮಾಡಿದ ಇನ್ನೊಂದು ದೊಡ್ಡ ತಪ್ಪು. ಬಾಗಿಲಲ್ಲಿ ಎಲ್ಲರಿಗಿಂತ ಮುಂದೆ ನಿಂತಿದ್ದವಳು ನರಸಪ್ಪನ ಹೆಂಡತಿ ಪಿಳ್ಳಮ್ಮ. ಸಾಹೇಬರ ಮೆಡಲಿಗೆ ಯಾರೋ ಅಡ್ಡಗಾಲು ಹಾಕುತ್ತಿದ್ದಾರೆ ಎಂಬುದಷ್ಟೇ ಆಕೆಗೆ ಅರ್ಥವಾಗಿದ್ದು. ಸೆರಗು ಸಿಕ್ಕಿಸಿಕೊಂಡು ಒಳಗೆ ಬಂದಳು.

‘ನಡೀಲಿಲ್ಲ ಅಂದೋರ್ ಯಾರವ್ವಾ? ನಡೀತು! ಐದ್ ದಿನಾನೂ ನಡೀತು! ನಾನೇ ಕಣ್ಣಾರೆ ಕಂಡಿವ್ನಿ. ಒಗೆ ಅಂದ್ರೆ ಅಂಗಾ ಇಂಗಾ? ನಮ್ ಅಟ್ಟಿ ಬಾಗ್ಲುಗಂಟ ಬಂದಿತ್ತು. ಈ ಯಪ್ಪ ಮುಂದ್ಗಡೆ ನಿಂತ್ಕಂಡು ನೀರ್ ಒಡೀತಿದ್ದ, ಮಿಕ್ಕೋರೆಲ್ಲ ಇವನ ಇಂದೆ!’

‘ಅಮ್ಮಾ, ಇದನ್ನ ಬರೆದುಕೊಳ್ತೀನಿ. ಸಹಿ ಹಾಕ್ತೀರಾ?’

‘ಸೈ ಬರಾಕಿಲ್ಲ. ಎಬ್ಬೆಟ್ಟು ಒತ್ತೀನಿ, ಎಲ್ ಬೇಕಾದ್ರೂ ಒತ್ತೀನಿ.’

ಆಮೇಲೆ ನರಸಪ್ಪ ಬಂದ. ಪಿಳ್ಳಮ್ಮ ಹೊಗೆ ಎಂದಿದ್ದಳು. ಅವನು ಜ್ವಾಲೆ ಎಂದ. ಲೇತ್ ಶೆಡ್ಡಿನ ಬಸಲಿಂಗ ಬಂದು, ‘ಹೋಳಗಿ ಭಾರಿ ಇದ್ವುರಿ ಮೇಡಂ, ತರಬೇತಿನೂ ಭಾರಿ ಇದ್ದಿರಬೇಕು’ ಎಂದ. ಇಸ್ತ್ರಿ ಅಂಗಡಿಯವನಿಗೆ ಗಾಡಿಯ ಗಂಟೆ ಐದೂ ದಿನ ಕೇಳಿಸಿತ್ತು. ಹಾಲಿನ ಕೃಷ್ಣಮ್ಮನ ಎಮ್ಮೆ ಆ ಗದ್ದಲಕ್ಕೆ ಬೆದರಿ ಐದು ದಿನ ಹಾಲು ಕೊಟ್ಟಿರಲಿಲ್ಲ. ಒಬ್ಬೊಬ್ಬರ ಬಾಯಲ್ಲೂ ಬೆಂಕಿ ಒಂದೊಂದು ಮಹಡಿ ಏರಿತು. ಹನುಮೇಶ ಪ್ರತಿಯೊಬ್ಬರ ಮುಂದೂ ಕೈ ಮುಗಿದು, ‘ದಯವಿಟ್ಟು ನಿಜ ಹೇಳ್ರಿ! ನಾನು ಬರೀ ಗುಮಾಸ್ತ!’ ಎಂದು ಗೋಗರೆದ.

‘ನೋಡ್ರವ್ವಾ, ಎಂಥ ಇನಯ!’ ಎಂದ ನರಸಪ್ಪ ಕಣ್ಣೊರೆಸಿಕೊಂಡು. ‘ದೊಡ್ಡೋರ್ ಬುದ್ಧಿನೇ ಇಂಗೆ.’

ಒಂದು ಗಂಟೆಯಲ್ಲಿ ಮೇಡಂ ಹತ್ತಿರ ಹನ್ನೊಂದು ಹೇಳಿಕೆಗಳಾದವು. ಅವನ್ನೆಲ್ಲ ಜೋಡಿಸಿ, ಕ್ಲಿಪ್ಪು ಹಾಕಿ, ಹನುಮೇಶನ ಮುಂದೆ ಒಂದು ಹಾಳೆ ಇಟ್ಟರು.

‘ನೋಡಿ, ನಿಮ್ಮ ಬೀದಿಯವರೆಲ್ಲ ತರಬೇತಿ ನಡೆದಿದೆ ಅಂತಾರೆ. ನೀವೇ ಅದರ ನಾಯಕರು ಅಂತಾರೆ. ಇಲ್ಲೊಂದು ಸಹಿ ಹಾಕಿ. ಹಣ ಬರಲ್ಲ. ಆದರೆ ನಿಮಗೊಂದು ಪ್ರಶಂಸಾಪತ್ರಕ್ಕೆ ನಾನೇ ಶಿಫಾರಸು ಮಾಡ್ತೀನಿ.’

‘ಪ್ರಶಂಸಾಪತ್ರ’ ಎಂಬುದು ಬಾಗಿಲಿನವರ ಕಿವಿಗೆ ಬಿತ್ತು. ಶಿಳ್ಳೆ ಹಾರಿತು. ಯಾರೋ ‘ಫೈರ್ ಸಾಹೇಬ್ರಿಗೆ’ ಎಂದರು, ಉಳಿದವರು ‘ಜೈ’ ಎಂದರು. ಹನುಮೇಶ ಪೆನ್ನು ಕೈಗೆತ್ತಿಕೊಂಡ. ಒಳಗಡೆ ಮಹಾನಂದಾ ರೊಟ್ಟಿ ಬಡಿಯುತ್ತಿದ್ದಳು. ಆಕೆಯ ಕೊರಳಲ್ಲಿ ಒಂದು ಕರಿಮಣಿ ಬಿಟ್ಟರೆ ಏನೂ ಇರಲಿಲ್ಲ. ಒತ್ತೆ ಅಂಗಡಿಯವನು ತಿಂಗಳ ಕೊನೆಗೆ ಸರ ಹರಾಜು ಎಂದು ಎರಡು ಸಲ ಹೇಳಿ ಕಳಿಸಿದ್ದ.

ಜನರ ನಡುವಿನಿಂದ ಸುಮಂಗಲಾ ಮುಂದೆ ಬಂದು ಗಂಡನ ಕಿವಿಯ ಹತ್ತಿರ ಬಗ್ಗಿದಳು.

‘ಮಾನ ಹೋದ್ರ ನಿಮ್ದು ಹೊಕ್ಕೈತಿ. ಸರ ಹೋದ್ರ ಆಕಿದು. ಯಾವ್ದು ಯಾರಪ್ಪಂದು ಅಂತ ವಿಚಾರ ಮಾಡ್ರಿ.’

ಹನುಮೇಶ ಪೆನ್ನು ಕೆಳಗಿಟ್ಟ. ಎದ್ದು ನಿಂತ.

‘ಮೇಡಂ, ಈ ಹನ್ನೊಂದೂ ಹೇಳಿಕೆ ಸುಳ್ಳು ಅಂತ ತೋರಿಸಿದ್ರೆ?’

‘ಆಗ ತರಬೇತಿ ನಡೆದಿಲ್ಲ ಅಂತ ಬರೆಯೋಕೆ ನನಗೇನೂ ಅಡ್ಡಿ ಇಲ್ಲ. ಆದರೆ ಹೇಗೆ ತೋರಿಸ್ತೀರಿ?’

‘ಠಾಣೆಗೆ ಬರ್ರಿ. ನಾನು ಪೈಪು ಹಿಡೀತೀನಿ.’

ಜನ ಅವನನ್ನು ಹೆಚ್ಚು ಕಡಿಮೆ ಹೊತ್ತುಕೊಂಡೇ ಠಾಣೆಗೆ ಬಂದರು. ಅಂಗಳದ ನಡುವೆ ಹಳೇ ಬ್ಯಾರಲ್ಲೊಂದನ್ನು ಇಟ್ಟು, ಅದರೊಳಗೆ ಎಣ್ಣೆ ಬಟ್ಟೆ ತುಂಬಿ ಬೆಂಕಿ ಹಚ್ಚಿದರು. ಸಿಬ್ಬಂದಿ ಹನುಮೇಶನಿಗೆ ಕೋಟು ತೊಡಿಸಿದರು. ಅದು ಅವನ ಮೊಣಕಾಲು ದಾಟಿತು. ಹೆಲ್ಮೆಟನ್ನು ಅವನೇ ಹಾಕಿಕೊಂಡ, ಹಿಂದುಮುಂದಾಗಿ. ಮೇಡಂ ಕೊಡೆ ಬಿಚ್ಚಿ ಹತ್ತು ಮಾರು ದೂರದಲ್ಲಿ ನಿಂತು, ತರಬೇತಿಯ ಪಠ್ಯ ತೆರೆದು, ಮೊದಲ ದಿನದ ಮೊದಲ ಪ್ರಶ್ನೆ ಕೇಳಿದರು.

‘ಎಣ್ಣೆಗೆ ಬೆಂಕಿ ಬಿದ್ದರೆ ಏನು ಹಾಕಬೇಕು?’

‘ನೀರು ಮೇಡಂ.’

ಆರು ಮಂದಿ ಅಗ್ನಿಶಾಮಕರು ಒಟ್ಟಿಗೆ ಹಣೆ ಹಣೆ ಚಚ್ಚಿಕೊಂಡರು. ಎಣ್ಣೆಯ ಬೆಂಕಿಗೆ ನೊರೆ ಹಾಕಬೇಕೆಂಬುದು ಠಾಣೆಯಲ್ಲಿ ಚಹಾ ತರುವವನಿಗೂ ಗೊತ್ತಿತ್ತು.

ಮೇಡಂ ತಲೆ ಎತ್ತಲಿಲ್ಲ. ‘ಗೊತ್ತಿದ್ದೂ ತಪ್ಪು ಹೇಳ್ತಿರಬಹುದು. ಮುಂದುವರೀರಿ.’

ಹನುಮೇಶ ಪೈಪು ಕೈಗೆತ್ತಿಕೊಂಡ. ದೇವರಾಜ್ ಬಂದು ಅದರ ತುದಿಯನ್ನು ತಿರುಗಿಸಿ ಕೊಟ್ಟರು, ಯಾಕೆಂದರೆ ಅವನು ಹಿಡಿದಿದ್ದದ್ದು ಗಾಡಿಗೆ ಜೋಡಿಸುವ ಕಡೆ. ‘ಒತ್ತಡ ಕಮ್ಮಿ ಇಡಿಸಿದೀನಿ. ಆದ್ರೂ ಬಿಗಿಯಾಗಿ ಹಿಡ್ಕೊಳ್ಳಯ್ಯಾ. ಹಿಡ್ಕೊಂಡ್ಮೇಲೆ ಬಿಡ್ಬೇಡ’ ಎಂದು ಪಿಸುಗುಟ್ಟಿ, ತಾವು ಗಾಡಿಯ ಹಿಂದೆ ಹೋಗಿ ನಿಂತರು. ಅನುಭವಸ್ಥರು ಎಲ್ಲಿ ನಿಲ್ಲಬೇಕೆಂಬುದನ್ನು ಬಲ್ಲರು.

‘ನೀರು ಬಿಡ್ರಿ!’ ಎಂದ ಹನುಮೇಶ.

ಕ್ಷಣ ಹೊತ್ತು ಏನೂ ಆಗಲಿಲ್ಲ. ನೆಲದ ಮೇಲೆ ಚಪ್ಪಟೆಯಾಗಿ ಬಿದ್ದಿದ್ದ ಪೈಪು ಮೆಲ್ಲಗೆ ಉಬ್ಬುತ್ತ ಹಾವಿನ ಹಾಗೆ ಅವನ ಕಡೆ ಹರಿದು ಬಂತು. ನೀರು ಬಂತೇನೆಂದು ಹನುಮೇಶ ಪೈಪಿನ ಮೂತಿಯೊಳಗೆ ಇಣುಕಿ ನೋಡಿದ. ‘ಲೋ, ಆ ಕಡೆ!’ ಎಂದು ದೇವರಾಜ್ ಕಿರುಚಿದರು. ಅವನು ಆ ಕಡೆ ತಿರುಗಿಸಿದ. ಆ ಕಡೆ ನರಸಪ್ಪ ನಿಂತಿದ್ದ.

ಹೊಸ ಬಿಳಿ ಪಂಚೆಯುಟ್ಟು ಫೋಟೋಗೆ ತಯಾರಾಗಿ ನಿಂತಿದ್ದ ನರಸಪ್ಪ ಇದ್ದಲ್ಲಿಂದ ಮೂರು ಹೆಜ್ಜೆ ಹಿಂದೆ ಹೋಗಿ, ಜನರ ನಡುವೆ ಕೂತುಬಿಟ್ಟ. ಗಾಬರಿಯಿಂದ ಹನುಮೇಶ ಪೈಪನ್ನು ಮೇಲೆತ್ತಿದ. ನೀರು ಗೇಟಿನ ಮೇಲಿನಿಂದ ಹಾರಿ ಫ್ಲೆಕ್ಸಿಗೆ ಬಡಿಯಿತು. ಹನ್ನೆರಡು ಅಡಿಯ ಧೀರ ಮಗುವಿನ ಸಮೇತ ಬಾಗಿ, ಬಳುಕಿ, ಇಸ್ತ್ರಿ ಅಂಗಡಿಯ ಮೇಲೆ ಕವುಚಿಕೊಂಡ. ಅಲ್ಲಿಂದ ಮುಂದೆ ಹನುಮೇಶ ಪೈಪನ್ನು ಹಿಡಿದಿದ್ದನೋ, ಪೈಪು ಹನುಮೇಶನನ್ನು ಹಿಡಿದಿತ್ತೋ ಹೇಳುವುದು ಕಷ್ಟ. ಬಿಡಬೇಡ ಎಂದಿದ್ದರಲ್ಲ, ಅವನು ಬಿಡಲಿಲ್ಲ. ಪೈಪು ಅವನನ್ನು ಬ್ಯಾರಲ್ಲಿನ ಸುತ್ತ ಮೂರು ಪ್ರದಕ್ಷಿಣೆ ಎಳೆಯಿತು. ಮೊದಲನೆಯ ಸುತ್ತಿಗೆ ಮೇಡಂ ಅವರ ಕೊಡೆ ಹಾರಿತು. ಎರಡನೆಯ ಸುತ್ತಿಗೆ ಗೇಟಿನಾಚೆಗಿದ್ದ ಕೃಷ್ಣಮ್ಮನ ಎಮ್ಮೆ ಅರಚಿಕೊಂಡು ಓಡಿತು, ಈ ಸಲ ನಿಜವಾಗಿ. ಮೂರನೆಯ ಸುತ್ತಿಗೆ ಹನುಮೇಶ ಜಾರಿ ಕೆಸರಿನಲ್ಲಿ ಕೂತ. ಆಗ ಯಾರೋ ಪಂಪು ನಿಲ್ಲಿಸಿದರು.

ಅಂಗಳ ಕೆರೆಯಾಗಿತ್ತು. ಬಾಗಲಗುಂಟೆಯ ಅರ್ಧ ಬೀದಿ ತಲೆಯಿಂದ ಕಾಲಿನವರೆಗೆ ತೊಯ್ದಿತ್ತು. ಅಲ್ಲಿ ತೊಯ್ಯದೆ ಉಳಿದದ್ದು ಒಂದೇ ಒಂದು: ನಡುವೆ ಧಗಧಗ ಉರಿಯುತ್ತಿದ್ದ ಆ ಬ್ಯಾರಲ್ಲು.

ಪಿಳ್ಳಮ್ಮ ಸೆರಗು ಹಿಂಡಿಕೊಳ್ಳುತ್ತ ಹನುಮೇಶನ ಮುಂದೆ ಬಂದು ನಿಂತಳು.

‘ಯಪ್ಪಾ, ಬೆಂಕಿ ಆರ್ಸೋದು ಇಂಗಾ?’

‘ನಂಗೆ ಬರಂಗಿಲ್ಲಬೇ,’ ಎಂದ ಹನುಮೇಶ. ‘ಯಾವತ್ತೂ ಬಂದಿಲ್ಲ. ನಾನು ಟೈಮ್ ಬರಿಯಾವ.’

ಪಿಳ್ಳಮ್ಮ ಮೇಡಂ ಕಡೆಗೆ ತಿರುಗಿದಳು. ‘ಅವ್ವಾ, ನನ್ ಎಬ್ಬೆಟ್ಟು ವಾಪಸ್ ಕೊಟ್ಬುಡು.’

ಅದರ ಹಿಂದೆಯೇ ನರಸಪ್ಪ, ಇಸ್ತ್ರಿಯವನು, ಕೃಷ್ಣಮ್ಮ, ಬಸಲಿಂಗ ಎಲ್ಲರೂ ಸಾಲುಗಟ್ಟಿ ನಿಂತು ತಮ್ಮ ತಮ್ಮ ಹೇಳಿಕೆಗಳನ್ನು ವಾಪಸ್ ಕೇಳಿದರು. ಮೇಡಂ ಒದ್ದೆ ಕನ್ನಡಕವನ್ನು ಒರೆಸಿಕೊಂಡರು. ಒರೆಸುತ್ತ ಒರೆಸುತ್ತ ಅವರ ಹೆಗಲು ಕುಲುಕತೊಡಗಿತು. ಅಳುತ್ತಿದ್ದಾರೆಂದು ಭಾವಿಸಿ ದೇವರಾಜ್ ಗಾಡಿಯ ಹಿಂದಿನಿಂದ ಓಡಿ ಬಂದರು. ಮೇಡಂ ನಗುತ್ತಿದ್ದರು. ಇಪ್ಪತ್ತೆರಡು ವರ್ಷದ ಸೇವೆಯಲ್ಲಿ ಅವರು ಕರ್ತವ್ಯದ ಸಮಯದಲ್ಲಿ ನಕ್ಕದ್ದು ಅದೇ ಮೊದಲು ಎಂದು ಅವರ ಡ್ರೈವರು ಆಮೇಲೆ ಹೇಳಿದ.

‘ಸುಳ್ಳು ಬಿಲ್ಲು ಎಷ್ಟೋ ನೋಡಿದೀನಿ ದೇವರಾಜ್. ಆದರೆ ಇದನ್ನ ನಟಿಸೋಕೆ ಯಾರಿಂದಲೂ ಆಗಲ್ಲ.’

ಅಲ್ಲಿಯೇ ಗಾಡಿಯ ಮೂತಿಯ ಮೇಲೆ ಫೈಲು ಇಟ್ಟುಕೊಂಡು ಅವರು ವರದಿ ಬರೆದರು: ‘ತರಬೇತಿ ನಡೆದಿಲ್ಲವೆಂಬುದು ಸ್ಥಳ ಪರಿಶೀಲನೆಯಲ್ಲಿ ಸಂಪೂರ್ಣವಾಗಿ ಖಚಿತಪಟ್ಟಿದೆ. ಎಂಟೂ ಠಾಣೆಗಳಿಗೆ ಮರುಪಾವತಿ ಮಾಡಬಹುದು. ಹಾಗೂ ಈ ತರಬೇತಿಯನ್ನು ಆದಷ್ಟು ಬೇಗ ನಡೆಸುವುದು ಸಾರ್ವಜನಿಕರ ಸುರಕ್ಷತೆಯ ದೃಷ್ಟಿಯಿಂದ ಅತ್ಯಗತ್ಯ.’ ಕೊನೆಯ ವಾಕ್ಯದ ಕೆಳಗೆ ಎರಡು ಗೆರೆ ಎಳೆದರು.

ಹನುಮೇಶ ಕೆಸರಿನಲ್ಲಿಯೇ ಕೂತಿದ್ದ. ಅಷ್ಟು ಹಗುರಾಗಿ ಅವನು ಎಷ್ಟೋ ವರ್ಷದಿಂದ ಕೂತಿರಲಿಲ್ಲ. ಸುಮಂಗಲಾ ಬಂದು ಕೈ ಹಿಡಿದು ಎಬ್ಬಿಸಿದಳು. ‘ನಡೀರಿ ಮನಿಗೆ,’ ಎಂದಳು. ‘ಬಿಸಿನೀರು ಕಾಸೀನಿ.’

ಒಂದು ವಾರ ಬೀದಿ ನಕ್ಕಿತು. ಫ್ಲೆಕ್ಸಿನ ದುಡ್ಡು ಹೋದ ಸಿಟ್ಟಿಗೆ ನರಸಪ್ಪ ಅವನೊಡನೆ ಮಾತು ಬಿಟ್ಟ. ಹನುಮೇಶ ಮಾತ್ರ ಹಿಂದಿನ ಗಲ್ಲಿಯನ್ನು ನಾಯಿಗಳಿಗೇ ಬಿಟ್ಟುಕೊಟ್ಟು, ಖಾನಾವಳಿಯ ಮುಂದಿನಿಂದಲೇ ಓಡಾಡತೊಡಗಿದ.

ಹದಿನೆಂಟನೆಯ ದಿನ ಮಹಾನಂದಾಳ ಫೋನಿಗೆ ಸಂದೇಶ ಬಂತು: ನಲವತ್ತಾರು ಸಾವಿರದ ಐನೂರು ಜಮಾ. ಆಕೆ ನಂಬಲಿಲ್ಲ. ‘ಇದು ಆ ಮೋಸದ ಮೆಸೇಜ್ ಇರಬೇಕ್ರಿ ಅಣ್ಣಾರ, ಓಟಿಪಿ ಕೇಳ್ತಾರಲ್ಲ, ಅದು’ ಎಂದಳು. ಹನುಮೇಶ ಅವಳನ್ನು ಬ್ಯಾಂಕಿಗೆ ಕರೆದುಕೊಂಡು ಹೋಗಿ ಪಾಸ್‌ಬುಕ್ ಮುದ್ರಿಸಿಕೊಟ್ಟ. ಅವಳು ಆ ಸಾಲನ್ನು ಬೆರಳಿಟ್ಟು ಮೂರು ಸಲ ಓದಿದಳು. ಬ್ಯಾಂಕಿನಿಂದ ನೆಟ್ಟಗೆ ಒತ್ತೆ ಅಂಗಡಿಗೆ ಹೋದಳು. ಹರಾಜಿಗೆ ಇನ್ನು ಎರಡೇ ದಿನ ಉಳಿದಿತ್ತು. ಅಂದು ಮಧ್ಯಾಹ್ನ ಬೋರಮಳ ಹಾಕಿಕೊಂಡೇ ರೊಟ್ಟಿ ಬಡಿದಳು; ಪ್ರತಿ ಬಡಿತಕ್ಕೂ ಅದು ಝಲ್ ಝಲ್ ಎನ್ನುತ್ತಿತ್ತು. ಉಣ್ಣಲು ಬಂದ ಪಿಳ್ಳಮ್ಮ ಅದನ್ನು ನೋಡಿ, ಆಮೇಲೆ ಹನುಮೇಶನನ್ನು ನೋಡಿ, ತನ್ನ ತಟ್ಟೆಯ ಹೋಳಿಗೆಯನ್ನು ಎತ್ತಿ ಅವನ ತಟ್ಟೆಗೆ ಹಾಕಿದಳು. ನರಸಪ್ಪನ ಮಾತೂ ಅಂದಿನಿಂದ ಬಂತು.

ಆಗಸ್ಟ್ ತಿಂಗಳಲ್ಲಿ ಹೊಸ ಆದೇಶ ಬಂತು. ಅನುದಾನ ಬಿಡುಗಡೆಯಾಗಿದೆ, ಅದೇ ತರಬೇತಿ, ಅದೇ ಅಂಗಳ, ಅದೇ ನಲವತ್ತು ಜನ. ಮೇಡಂ ತಮ್ಮ ಕೈಯಿಂದಲೇ ಪಟ್ಟಿಯ ಕೊನೆಗೆ ನಲವತ್ತೊಂದನೆಯ ಹೆಸರೊಂದನ್ನು ಬರೆದಿದ್ದರು: ಹನುಮೇಶ, ಗುಮಾಸ್ತ. ಅವನು ಆದೇಶದ ಪ್ರತಿ ಮತ್ತು ಅರ್ಧ ಹಣದ ಚೆಕ್ಕು ಎರಡನ್ನೂ ಹಿಡಿದುಕೊಂಡು ಖಾನಾವಳಿಗೆ ಹೋದ. ಮಹಾನಂದಾ ಮೊದಲು ಚೆಕ್ಕು ನೋಡಿದಳು, ಆಮೇಲೆ ಅವನಿಗೆ ಕೂರಲು ಹೇಳಿದಳು.

ಆ ಸೋಮವಾರ ಬೆಳಿಗ್ಗೆ ಎಂಟಕ್ಕೆ ಎಂಟು ಠಾಣೆಗಳ ಎಂಟು ಕೆಂಪು ಗಾಡಿಗಳು, ಒಂದರ ಹಿಂದೊಂದು, ಗಂಟೆ ಬಾರಿಸುತ್ತ ಬಾಗಲಗುಂಟೆಯೊಳಗೆ ಬಂದವು. ತರಬೇತಿಗೆ ಮೊದಲು ತಿಂಡಿ ಎಂದು ದೇವರಾಜ್ ಎಲ್ಲರನ್ನೂ ಖಾನಾವಳಿಯ ಮುಂದೆಯೇ ನಿಲ್ಲಿಸಿದರು. ಒಟ್ಟಿಗೆ ಅಷ್ಟು ಗಾಡಿ ಕಂಡದ್ದೇ ತಡ, ಬೀದಿ ಕಂಗಾಲಾಯಿತು. ಇಡೀ ಪೀಣ್ಯಕ್ಕೆ ಬೆಂಕಿ ಬಿದ್ದಿದೆ ಎಂದು ಸುದ್ದಿ ಹಬ್ಬಿತು. ಸ್ಪ್ರಿಂಗ್ ಫ್ಯಾಕ್ಟರಿಯ ಮೆಷಿನ್ನುಗಳು ನಿಂತವು. ನರಸಪ್ಪ ಬಾಡಿಗೆ ಕರಾರುಪತ್ರಗಳ ಪೆಟ್ಟಿಗೆ ಹೊತ್ತು ಬೀದಿಗೆ ಬಂದ. ನಾಲ್ಕನೆಯ ಗಾಡಿಯ ಹಿಂಬದಿಯಲ್ಲಿ, ಹೆಲ್ಮೆಟ್ ಈ ಸಲ ಮುಂದು ಮುಂದಾಗಿ ಹಾಕಿಕೊಂಡು, ಹನುಮೇಶ ಕಂಬಿ ಹಿಡಿದು ನಿಂತಿದ್ದ.

ಲೇತ್ ಶೆಡ್ಡಿನಿಂದ ಬಸಲಿಂಗ ತುಂಬಿದ ಬಕೀಟು ಎತ್ತಿಕೊಂಡು, ಅರ್ಧ ಚೆಲ್ಲುತ್ತ, ಏದುಸಿರು ಬಿಡುತ್ತ ಓಡಿ ಬಂದ.

‘ಯಕ್ಕಾ! ಬೆಂಕಿ ಎಲ್ಲಿ ಹತ್ತೈತಿ?’

‘ಒಲ್ಯಾಗ,’ ಎಂದಳು ಮಹಾನಂದಾ, ರೊಟ್ಟಿ ತಿರುವಿ ಹಾಕುತ್ತ. ‘ಬಕೀಟು ಹೊರಗಿಟ್ಟು ಬಾ. ನಲವತ್ತೊಂದು ಮಂದಿ ಬಂದಾರ, ಇವತ್ತು ನಿನಗ ಕಡೀ ಪಂಕ್ತಿ.’